ತಂತಿಯ ಎತ್ತರ

ಚನ್ನಪಟ್ಟಣ ಎಂದರೆ ಎಲ್ಲರಿಗೂ ಬೊಂಬೆಯೇ ನೆನಪಾಗುತ್ತದೆ. ಹಾಲೆ ಮರ, ಅರಗು, ಬಣ್ಣ. ಆದರೆ ಇನ್ನೂರು ವರ್ಷಗಳ ಹಿಂದೆ ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದದ್ದು ಇನ್ನೊಂದು ವಸ್ತು. ಅದು ವಾದ್ಯಕ್ಕೆ ಕಟ್ಟುವ ಉಕ್ಕಿನ ತಂತಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದಿದ್ದ. ಇಲ್ಲಿನ ತಂತಿಗೆ ಇಡೀ ದೇಶದಲ್ಲಿ ಬೇಡಿಕೆಯಿದೆಯೆಂದು ಬರೆದಿಟ್ಟ. ಮುಂದೆ ಬಂದ ಗ್ಯಾಸೆಟಿಯರುಗಳಲ್ಲೂ ಅರಗಿನ ಸಾಮಾನು, ಗಾಜಿನ ಬಳೆಗಳ ಜೊತೆಗೆ ಈ ತಂತಿಯ ಮಾತು ಬರುತ್ತದೆ.

ಉಕ್ಕು ಸಿಗುವುದಕ್ಕೂ ಬಹಳ ದೂರ ಹೋಗಬೇಕಿರಲಿಲ್ಲ. ಮಾಗಡಿ ಸೀಮೆಯಲ್ಲಿ ಉಕ್ಕು ಮಾಡುವ ಬಗೆಯನ್ನೂ ಬುಕಾನನ್ ವಿವರಿಸಿದ್ದಾನೆ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಂದಿಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ ಕುಲುಮೆಗೆ ಇಡುವುದು. ಕಡ್ಡಿ ಸುಟ್ಟು ಇದ್ದಿಲಾಗಿ ಅದರ ಸತ್ವ ಕಬ್ಬಿಣಕ್ಕೆ ಇಳಿದು ಕಬ್ಬಿಣ ಉಕ್ಕಾಗುತ್ತಿತ್ತು. ನಮ್ಮ ಬೈರಾಪಟ್ಟಣದ ಬೇಲಿ ಸಾಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ! ಅದು ವೀಣೆಯ ದನಿಯೊಳಗೂ ಸೇರಿತ್ತೆಂದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಂತ್ರದಲ್ಲಿ ಎಳೆದ ತಂತಿ ಪೇಟೆಗೆ ಬಂದ ಮೇಲೆ ಕೈಯಿಂದ ಎಳೆದದ್ದನ್ನು ಕೇಳುವವರು ಇಲ್ಲವಾದರು. ಬೊಂಬೆ ಉಳಿಯಿತು, ತಂತಿ ಹೋಯಿತು.

ತಂತಿಯ ಚರಿತ್ರೆ ಬರೆಯುವವರು ಉಕ್ಕನ್ನು ಹೇಳುತ್ತಾರೆ, ವಿದ್ವಾಂಸರನ್ನು ಹೇಳುತ್ತಾರೆ. ಆ ತಂತಿಯನ್ನು ಮರದಿಂದ ಎಷ್ಟು ಎತ್ತರದಲ್ಲಿ ಕಟ್ಟಿದ್ದರು, ಅದನ್ನು ಒತ್ತಿದ ಬೆರಳಿಗೆ ಏನಾಯಿತು ಎಂಬುದನ್ನು ಹೇಳುವವರು ಕಡಿಮೆ. ನನಗೋ, ತಂತಿ ಎಂದರೆ ಮೊದಲು ನೆನಪಾಗುವುದೇ ಬೆರಳು.

ಹದಿಮೂರನೆಯ ವಯಸ್ಸಿನಲ್ಲಿ ವೀಣೆ ಪಾಠಕ್ಕೆ ಕೂತಾಗ ಎಡಗೈಯ ಎರಡು ಬೆರಳಿನ ತುದಿ ಚಾಕುವಿನಲ್ಲಿ ಗೀರಿದಂತೆ ಸೀಳಿತ್ತು. ಅಜ್ಜಿ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. "ತಪಸ್ಸು ಕಣಮ್ಮ, ತಡಕೋಬೇಕು" ಎನ್ನುತ್ತಿದ್ದರು ಮೇಷ್ಟರು. ನಾವು ನಾಲ್ವರು ಹುಡುಗಿಯರಿದ್ದೆವು, ಇಬ್ಬರು ಬಿಟ್ಟರು. ಮರುವರ್ಷ ಮೇಳ ಕಟ್ಟುವವರು ಬಂದರು. ಮೇಳ ಕಟ್ಟುವುದೆಂದರೆ ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಹೊಸದಾಗಿ ಕೂರಿಸುವುದು. ಅವರು ನನ್ನ ವೀಣೆಯ ತಂತಿ ಮೀಟಿ ನೋಡಿ, "ಮಗುವಿನ ಕೈಗೆ ಇದು ಎತ್ತರವಾಯಿತಲ್ಲ" ಎಂದು ಕುದುರೆಯ ಹಿತ್ತಾಳೆ ತಗಡನ್ನು ಬಿಚ್ಚಿ ಕೊಂಚ ತಗ್ಗಿಸಿ ಕೂರಿಸಿದರು. ನೋವು ಅರ್ಧಕ್ಕೆ ಇಳಿಯಿತು. ಬಿಟ್ಟುಹೋದ ಇಬ್ಬರ ಬೆರಳಿನಲ್ಲಿ ಕೊರತೆಯೇನೂ ಇರಲಿಲ್ಲ ಎಂದು ಆವತ್ತು ಗೊತ್ತಾಯಿತು.

ಹಾಗೆಂದು ಎಷ್ಟಾದರೂ ತಗ್ಗಿಸುವಂತಿಲ್ಲ. ವೀಣೆಯಲ್ಲಿ ಗಮಕ ಹುಟ್ಟುವುದೇ ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆಯುವುದರಿಂದ. ತೀರ ತಗ್ಗಿದ ತಂತಿ ಮುಂದಿನ ಮೆಟ್ಟಿಲಿಗೆ ತಗುಲಿ ಜರ್ರೆನ್ನುತ್ತದೆ, ಬೆರಳಿಗೆ ಹಿಡಿತವೂ ಸಿಗುವುದಿಲ್ಲ. ಬೆರಳಿಗೂ ದನಿಗೂ ನಡುವೆ ಒಂದು ಒಪ್ಪಂದ ಆಗಬೇಕು. ಒಪ್ಪಂದ ಮಾಡಿಸುವ ಅಧಿಕಾರ ಮಾತ್ರ ವರ್ಷಕ್ಕೊಮ್ಮೆ ಬರುವವರ ಕೈಯಲ್ಲಿತ್ತು. ಮೇಣ ಕಾಯಿಸುವ ವಿದ್ಯೆ ಪಾಠದ ಹುಡುಗಿಯರಿಗೆ ಯಾರೂ ಹೇಳಿಕೊಡಲಿಲ್ಲ.

ಈ ಅಧಿಕಾರವನ್ನು ಒಂದು ಚಿಕ್ಕ ತಿರುಪಿಗೆ ಇಳಿಸಿದವನು ಅಮೆರಿಕದ ಕ್ಯಾಲಿಫೋರ್ನಿಯಾದ ಒಬ್ಬ ರೇಡಿಯೋ ರಿಪೇರಿಯವನು, ಲಿಯೋ ಫೆಂಡರ್. ತಮಾಷೆಯೆಂದರೆ ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ನುಡಿಸುವವರ ದೂರುಗಳನ್ನು ಕಿವಿಗೊಟ್ಟು ಕೇಳಿದ. 1954ರಲ್ಲಿ ಅವನ ಕಾರ್ಖಾನೆಯಿಂದ ಹೊರಬಂದ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನಲ್ಲಿ ಆರು ತಂತಿಗೆ ಆರು ಪುಟ್ಟ ಕುದುರೆ, ಒಂದೊಂದಕ್ಕೂ ಎತ್ತರ ಹೊಂದಿಸಲು ಎರಡೆರಡು ತಿರುಪು. ಜೊತೆಗೆ ಒಂದು ಕಬ್ಬಿಣದ ಹಿಡಿ. ಅದನ್ನು ಅದುಮಿದರೆ ಆರೂ ಕುದುರೆಗಳನ್ನು ಹೊತ್ತ ತಗಡೇ ಬಾಗಿ ದನಿ ತೂಗಾಡುತ್ತದೆ. ನಾವು ಬೆರಳಿನಿಂದ ಎಳೆಯುವ ಕಂಪಿತವನ್ನು ಅವರು ಯಂತ್ರಕ್ಕೆ ಒಪ್ಪಿಸಿದರು ಅನ್ನಿ. ಅದಕ್ಕೆ ಟ್ರೆಮೊಲೊ ಎಂದು ಹೆಸರಿಟ್ಟದ್ದು ತಪ್ಪು. ಆ ಮಾತಿಗೆ ದನಿ ದೊಡ್ಡದು ಚಿಕ್ಕದಾಗುವುದೆಂದು ಅರ್ಥ, ಇಲ್ಲಿ ಏರಿಳಿಯುವುದು ಸ್ವರ. ಆದರೂ ಹೆಸರು ನಿಂತುಬಿಟ್ಟಿತು. ಆ ಗಿಟಾರಿನ ಒಳಗಿನ ತಂತಿಸುರುಳಿಗಳನ್ನು ಸುತ್ತಿದವರಲ್ಲಿ 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರ ಎಂಬ ಹೆಂಗಸೂ ಒಬ್ಬಳು. ಅವಳು ಸುತ್ತಿದ ಸುರುಳಿ ಇರುವ ಗಿಟಾರಿಗೆ ಇಂದು ಸಂಗ್ರಹಕಾರರು ಹೆಚ್ಚು ಬೆಲೆ ಕೊಡುತ್ತಾರಂತೆ.

ನನಗೆ ಇದೆಲ್ಲ ಗೊತ್ತಾದದ್ದು ಅಣ್ಣನ ಮಗಳಿಂದ. ಬೆಂಗಳೂರಿನಲ್ಲಿ ಓದುವಾಗ ಅವಳು ಆ ಜಾತಿಯದೇ ಒಂದು ಹಳೆ ಗಿಟಾರನ್ನು ಕಡಿಮೆ ಬೆಲೆಗೆ ಕೊಂಡಿದ್ದಳು. ದಸರೆ ರಜಕ್ಕೆ ಬೈರಾಪಟ್ಟಣಕ್ಕೆ ತಂದಾಗ ಅವಳ ಬೆರಳಿನ ತುದಿ ನೋಡಿದೆ. ಅದೇ ಗೀರು!

"ಬಿಟ್ಟುಬಿಡ್ತೀನಿ ಅತ್ತೆ. ಹುಡುಗೀರ ಬೆರಳು ಮೆತ್ತಗೆ, ಇದು ನಿಮಗೆ ಆಗೋದಲ್ಲ ಅಂದ್ರು ಕ್ಲಾಸಲ್ಲಿ."

"ಅವರು ವಾದ್ಯ ನೋಡಿದ್ರೇನೆ?"

"ಇಲ್ಲ, ನನ್ನ ಕೈ ನೋಡಿದ್ರು."

ನಾನು ಕನ್ನಡಕ ಹಾಕಿಕೊಂಡು ಕೂತೆ. ತಗಡಿನ ಹಿಂಬದಿ ಮರದಿಂದ ನನ್ನ ಕಿರುಬೆರಳು ತೂರುವಷ್ಟು ಎದ್ದಿತ್ತು. ಅವಳು ಕುದುರೆಯ ತಿರುಪುಗಳನ್ನು ಇಳಿಸಿ ಇಳಿಸಿ ನೋಡಿದ್ದಳಂತೆ, ತಂತಿ ಮಾತ್ರ ಎತ್ತರದಲ್ಲೇ ಇತ್ತು. ಇದರ ಗುಟ್ಟು ಗಿಟಾರಿನ ಬೆನ್ನಿನಲ್ಲಿದೆ. ಅಲ್ಲಿನ ಮುಚ್ಚಳ ತೆಗೆದರೆ ಒಂದು ಗೂಡು, ಗೂಡಿನಲ್ಲಿ ಮೂರೋ ಐದೋ ಸ್ಪ್ರಿಂಗು. ತೆಳುವಾದ ತಂತಿಗಳೇ ಆದರೂ ಆರೂ ಸೇರಿ ಸುಮಾರು 40 ಕಿಲೋ ಭಾರದಷ್ಟು ಬಲದಿಂದ ತಗಡನ್ನು ಮುಂದಕ್ಕೆ ಜಗ್ಗುತ್ತವೆ. ಸ್ಪ್ರಿಂಗುಗಳು ಹಿಂದಕ್ಕೆ ಜಗ್ಗುತ್ತವೆ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಸ್ಪ್ರಿಂಗಿನ ಹಿಡಿತ ಸಡಿಲವಾದರೆ ತಗಡು ಮುಂದಕ್ಕೆ ವಾಲಿ ಎಲ್ಲ ತಂತಿಗಳೂ ಒಟ್ಟಿಗೆ ಮೇಲೇಳುತ್ತವೆ. ಆಗ ಒಂದೊಂದೇ ಕುದುರೆ ತಗ್ಗಿಸುತ್ತ ಕೂರುವುದು ಸೂರು ಸೋರುವಾಗ ನೆಲ ಒರೆಸಿದಂತೆ.

ಸ್ಪ್ರಿಂಗುಗಳನ್ನು ಹಿಡಿದ ಕೊಕ್ಕೆಗೆ ಎರಡು ಉದ್ದ ಸ್ಕ್ರೂ ಇವೆ. ಅವನ್ನು ಅರ್ಧರ್ಧ ಸುತ್ತು ಬಿಗಿ ಮಾಡಿಸಿದೆ. ಬಿಗಿ ಮಾಡಿದಾಗಲೆಲ್ಲ ತಗಡು ಇಳಿಯುತ್ತದೆ, ಶ್ರುತಿ ಏರುತ್ತದೆ. ಮತ್ತೆ ಶ್ರುತಿ ಕೂಡಿಸಬೇಕು, ಮತ್ತೆ ನೋಡಬೇಕು. ಒಬ್ಬಟ್ಟಿನ ಕಣಕ ನಾದುವಷ್ಟೇ ತಾಳ್ಮೆಯ ಕೆಲಸ. ತಗಡಿನ ಹಿಂಬದಿ ಮರದಿಂದ 3 ಮಿಲಿಮೀಟರಿನಷ್ಟು ಮೇಲೆ ನಿಂತಾಗ ಸಾಕು ಮಾಡಿದೆವು. ಕತ್ತು ಹೆಚ್ಚು ಬಾಗಿಲ್ಲವೆಂದು ಕಣ್ಣಳತೆಯಲ್ಲಿ ನೋಡಿಕೊಂಡೆವು. ಆಮೇಲೆಯೇ ಕುದುರೆಯ ಸರದಿ. ಪುಟ್ಟ ಅಲೆನ್ ಕೀಲಿಯಿಂದ, 17ನೆಯ ಮೆಟ್ಟಿಲ ಹತ್ತಿರ ಸ್ಕೇಲು ಹಿಡಿದು, ತೆಳುತಂತಿಗೆ ಒಂದೂವರೆ ಮಿಲಿಮೀಟರಿಗೆ ತುಸು ಮೇಲೆ, ದಪ್ಪ ತಂತಿ ಹೆಚ್ಚು ಆಡುತ್ತದಾದ್ದರಿಂದ ಅದಕ್ಕೆ 2. ಬೆರಳ ಹಲಗೆ ಬೀಟೆಯದು. ಸ್ಟ್ರಾಟೊಕಾಸ್ಟರಿಗೆ 1959ರಿಂದ ಬೀಟೆ ಹಾಕತೊಡಗಿದರು. ಮೊದಲು ಬ್ರೆಜಿಲಿನ ಮರ, ಅರವತ್ತರ ದಶಕದಲ್ಲೇ ಭಾರತದ ಮರವೂ ಹೋಯಿತು. ಮಾಗಡಿಯ ಉಕ್ಕು ಹೋಗದ ಕಡೆಗೆ ನಮ್ಮ ಕಾಡಿನ ಮರ ಹೋಗಿದೆ!

ಮೊದಲ ಸಲ ಮೂರನೆಯ ತಂತಿ ಜರ್ರೆಂದಿತು. ಅದನ್ನು ಕಾಲು ಸುತ್ತು ಏರಿಸಿದಳು. ಸಂಜೆಯ ಹೊತ್ತಿಗೆ ಒತ್ತಿದ ಸ್ವರ ತೊಳೆದ ಹಾಗೆ ಕೇಳಿಸಿತು. "ಅತ್ತೆ, ಇದು ನಂದೇ ಗಿಟಾರಾ?" ಎಂದಳು.

ರಜ ಮುಗಿಸಿ ಹೋದವಳು ಹಾಸ್ಟೆಲಿನಿಂದ ಫೋನು ಮಾಡಿದ್ದಳು. ಕ್ಲಾಸು ಬಿಡಬೇಕೆಂದಿದ್ದ ಇನ್ನಿಬ್ಬರು ಹುಡುಗಿಯರು ತಮ್ಮ ಗಿಟಾರ್ ತಂದು ಇವಳ ಮಂಚದ ಮೇಲಿಟ್ಟಿದ್ದಾರಂತೆ. ಒಬ್ಬಳದ್ದರಲ್ಲಿ ಐದರ ಬದಲು ಎರಡೇ ಸ್ಪ್ರಿಂಗು. ಇನ್ನೊಬ್ಬಳು ಬಲವಾಗಿ ಮೀಟುವವಳು, ಅವಳಿಗೆ 2 ಮಿಲಿಮೀಟರೂ ಸಾಲದು, ಏನು ಮಾಡಲಿ ಎಂದು ಕೇಳಿದಳು. ಅವಳ ಕೈಗೇ ಕೊಟ್ಟು ನುಡಿಸಲು ಹೇಳು, ಜರ್ರೆನ್ನುವುದು ನಿಲ್ಲುವವರೆಗೆ ಏರಿಸು ಎಂದೆ.