ನಾಲ್ಕು ಊರು ನುಂಗಿದ ನೀರು

ಬಾಸ್ಟನ್ನಿನಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರಿನ ಹಿಂದೆ ನಾಲ್ಕು ಊರುಗಳ ಕಥೆ ಇದೆ ಅಂದ್ರೆ ನಂಬ್ತೀರಾ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸ್ವಿಫ್ಟ್ ಅಂತ ಒಂದು ಪುಟ್ಟ ನದಿ. ಅದರ ಕಣಿವೆಯಲ್ಲಿ ಡೇನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರುಗಳಿದ್ದವು. ಸುತ್ತ ಗುಡ್ಡ, ನಡುವೆ ಅಗಲವಾದ ತಗ್ಗು. ಅಣೆಕಟ್ಟು ಕಟ್ಟುವವರಿಗೆ ಇನ್ನೇನು ಬೇಕು! ಬಾಯಾರಿದ ಬಾಸ್ಟನ್ ಇದ್ದದ್ದು ಸುಮಾರು ನೂರು ಕಿಲೋಮೀಟರ್ ಪೂರ್ವಕ್ಕೆ. 1927ರಲ್ಲಿ ಕಾನೂನು ಬಂತು.

ಸುಮಾರು 2,500 ಜನ ಮನೆ ಬಿಟ್ಟರು. ಸತ್ತವರನ್ನೂ ಬಿಡಲಿಲ್ಲ ನೋಡಿ, 7,500ಕ್ಕೂ ಹೆಚ್ಚು ಗೋರಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. 1938ರ ಏಪ್ರಿಲ್ 27ರ ರಾತ್ರಿ ಎನ್‌ಫೀಲ್ಡಿನ ಟೌನ್ ಹಾಲಿನಲ್ಲಿ ಬೀಳ್ಕೊಡುಗೆಯ ನೃತ್ಯಕೂಟ ನಡೆಯಿತು. ನಡುರಾತ್ರಿ ಕಳೆಯುತ್ತಿದ್ದಂತೆ ಕಾನೂನಿನ ಪ್ರಕಾರ ನಾಲ್ಕೂ ಊರುಗಳು ಇಲ್ಲವಾದವು!

1939ರಲ್ಲಿ ನೀರು ನಿಲ್ಲಿಸತೊಡಗಿದರು. ಕ್ವಾಬಿನ್ ಜಲಾಶಯ ತುಂಬಿದ್ದು 1946ರಲ್ಲಿ. ಗುಡ್ಡದ ನೆತ್ತಿಗಳು ದ್ವೀಪಗಳಾದವು.

ನನ್ನನ್ನು ಕಾಡುವುದು ಡೇನಾ. ಆ ಊರಿನ ನಡುಭಾಗಕ್ಕೆ ನೀರು ಬರಲೇ ಇಲ್ಲ. ಆದರೂ ಮನೆಗಳನ್ನು ಕೆಡವಿದರು. ಜಲಾಶಯದ ಸುತ್ತ ಜನವಸತಿ ಇದ್ದರೆ ನೀರು ಕೆಡುತ್ತದಲ್ಲ! ಈಗ ಅಲ್ಲಿ ಕಾಡಿನ ಮಧ್ಯೆ ನೆಲಮಾಳಿಗೆಯ ಗುಂಡಿಗಳಷ್ಟೇ ಉಳಿದಿವೆ. ಆ ಕಾಡಿನ ಕೃಪೆಯಿಂದ ಬಾಸ್ಟನ್ನಿಗೆ ಹೋಗುವ ಈ ನೀರನ್ನು ಇಂದಿಗೂ ಸೋಸುವುದಿಲ್ಲ, ಕ್ರಿಮಿ ಕೊಲ್ಲುವ ಸಂಸ್ಕರಣೆಯಷ್ಟೇ ಸಾಕು.

ನೀರು ಅಷ್ಟು ತಿಳಿಯಾಗಿರುವುದು ಅಲ್ಲಿ ಯಾರೂ ಇಲ್ಲದಿರುವುದರಿಂದ. ಯಾರೂ ಇಲ್ಲದಿರುವುದು ಅವರನ್ನು ಎಬ್ಬಿಸಿ ಕಳಿಸಿದ್ದರಿಂದ...