ಅತ್ತೆಯ ಗುಳಿಗೆಗೂ ಸರ್ಪಗಂಧಕ್ಕೂ ಇಪ್ಪ ನಂಟು

ಅತ್ತೆಗೆ ಕೈ ನಡುಗುವ ಸೀಕು ಸುರುವಾಗಿ ಮೂರು ವರ್ಷ ಆತು. ಉದಿಯಪ್ಪಗ ಲೆವೊಡೋಪಾ ಗುಳಿಗೆ ತೆಕ್ಕೊಂಡು ರಜ್ಜ ಹೊತ್ತು ಕಳುದರೆ ಕಾಪಿ ಗ್ಲಾಸು ಅವ್ವೇ ಹಿಡಿತ್ತವು. ತಡವಾದರೆ ಸೀರೆಯ ನೆರಿ ಹಿಡಿವಲೂ ಎಡಿತ್ತಿಲ್ಲೆ.

ಈ ಮದ್ದಿನ ಕತೆಲಿ ನಮ್ಮ ಗುಡ್ಡೆಲಿ ಬೆಳೆತ್ತ ಸರ್ಪಗಂಧವೂ ಇದ್ದು, ಗೊಂತಿದ್ದೋ ಅಕ್ಕಾ? ಅದರ ಬೇರಿನ ಹುಚ್ಚಿಂಗೆ, ಒರಕ್ಕು ಬಾರದ್ದಕ್ಕೆ ಕೊಡುವ ಕ್ರಮ ಮದಲೇ ಇದ್ದತ್ತು. 1931ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಅದರ ಬಗ್ಗೆ ಬರದವು. ಬೊಂಬಾಯಿಯ ಡಾ. ರುಸ್ತುಂ ವಕೀಲ್ 1949ರಲ್ಲಿ ಬ್ರಿಟನ್ನಿನ ಪತ್ರಿಕೆಲಿ ಇದರಿಂದ ಬಿ.ಪಿ. ಇಳಿತ್ತು ಹೇಳಿ ತೋರ್ಸಿದವು. 1952ರಲ್ಲಿ ಸ್ವಿಜರ್ಲೆಂಡಿನ ಸೀಬಾ ಕಂಪೆನಿಯವು ಬೇರಿನ ಸತ್ವ ತೆಗದು ರೆಸರ್ಪಿನ್ ಹೇಳಿ ಹೆಸರು ಮಡಗಿದವು.

ನರದ ತುದಿಲಿ ಡೋಪಮೈನ್ ಹಾಂಗಿಪ್ಪ ವಸ್ತುಗೊ ಸಣ್ಣ ಸಣ್ಣ ಚೀಲಲ್ಲಿ ತುಂಬಿಗೊಂಡಿರ್ತು. ರೆಸರ್ಪಿನ್ ಚೀಲ ತುಂಬುಲೇ ಬಿಡ್ತಿಲ್ಲೆ. ಉಗ್ರಾಣ ಖಾಲಿ! ಹಾಂಗಾಗಿ ಮದ್ದು ತೆಕ್ಕೊಂಡ ಕೆಲವರಿಂಗೆ ಕೈಕಾಲು ಬಿಗುದು, ನಡುಗುಲೆ ಸುರುವಾತು, ಸರೀ ಅತ್ತೆಯ ಹಾಂಗೆಯೇ. (ಗುಡ್ಡೆಯ ಬೇರು ಕಿತ್ತು ಕಷಾಯ ಮಾಡೆಡಿ ಹೇಳುದು ಇದಕ್ಕೇ.)

1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ರೆಸರ್ಪಿನ್ ಕೊಟ್ಟ ಮೊಲಂಗೊಕ್ಕೆ ಡೋಪಾ ಇಂಜೆಕ್ಷನ್ ಮಾಡಿದವು. ಕೆಮಿ ಜೋತು ಹಾಕಿ ಅಲ್ಲಾಡದ್ದೆ ಬಿದ್ದುಗೊಂಡಿದ್ದ ಮೊಲಂಗೊ ಕೆಮಿ ನೆಗ್ಗಿ ಎದ್ದವು. 1961ರಲ್ಲಿ ವಿಯೆನ್ನಾಲ್ಲಿ ರೋಗಿಗೊಕ್ಕೂ ಕೊಟ್ಟು ನೋಡಿದವು. ಹಾಸಿಗೆಂದ ಏಳುಲೆ ಎಡಿಯದ್ದವು ಎದ್ದು ನಡದವು. ಕಾರ್ಲ್ಸನ್ನಿಂಗೆ 2000ಲ್ಲಿ ನೊಬೆಲ್ ಸಿಕ್ಕಿತ್ತು.

ಇದರ ಅತ್ತೆಗೆ ಹೇಳಿದೆ. "ಪಾಪ ಮೊಲಂಗೊ" ಹೇಳಿದವು. ಮತ್ತೆ ಗಡಿಯಾರ ನೋಡಿ, "ಎನ್ನ ಗುಳಿಗೆ ತಾ ಕೂಸೇ" ಹೇಳಿದವು.