ಪನೆರಾಯ್ ವಾಚನ್ನ ಯಾರು ಮಾಡಿದ್ದು?

ಇವತ್ತು ಒಂದು ವಾಚಿನ ಕಥೆ. ಇಟಲಿಯ ಪನೆರಾಯ್ ವಾಚು, ಶೋರೂಮಿನಲ್ಲಿ ಲಕ್ಷಗಳ ಲೆಕ್ಕದಲ್ಲೇ ಮಾತು. ಆದ್ರೆ ಇದೇ ರೂಪದ ವಾಚನ್ನ ಮನೆಯ ಮೇಜಿನ ಮೇಲೆ ತಾವೇ ಜೋಡಿಸಿಕೊಳ್ಳೋ ಹವ್ಯಾಸಿಗಳು ಪ್ರಪಂಚದಾದ್ಯಂತ ಇದ್ದಾರೆ. ಯಂತ್ರ ಒಂದು ಕಡೆಯಿಂದ, ಕೇಸ್ ಇನ್ನೊಂದು ಕಡೆಯಿಂದ, ಡಯಲ್ ಮತ್ತೊಂದು ಕಡೆಯಿಂದ. ನಾವು ಬೆಂಗಳೂರಿನ ಎಸ್.ಪಿ. ರೋಡಿನಿಂದ ಪಾರ್ಟ್ಸ್ ತಂದು ಕಂಪ್ಯೂಟರ್ ಜೋಡಿಸ್ತಿದ್ವಲ್ಲ, ಹಾಗೇ.

"ಹಾಗಾದ್ರೆ ಅದು ಡೂಪ್ಲಿಕೇಟ್ ಅಲ್ವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದ್ರೆ ಅಸಲಿ ವಾಚನ್ನ ಯಾರು ಮಾಡಿದ್ರು ಅಂತ ಮೊದಲು ನೋಡಬೇಕು.

ಜೊವಾನಿ ಪನೆರಾಯ್ ಅನ್ನೋರು 1860ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಗಡಿಯಾರದ ಅಂಗಡಿ ತೆರೆದರು. ಮುಂದೆ ಈ ಮನೆತನ ಇಟಲಿಯ ನೌಕಾಪಡೆಗೆ ಉಪಕರಣ ಪೂರೈಸೋಕೆ ಶುರು ಮಾಡ್ತು. ಇವರ ನಿಜವಾದ ಬಂಡವಾಳ ಕತ್ತಲೆಯಲ್ಲಿ ಹೊಳೆಯೋ ಬಣ್ಣ. ರೇಡಿಯಂ ಬೆರೆಸಿದ ಆ ಬಣ್ಣಕ್ಕೆ 1916ರಲ್ಲಿ ಪೇಟೆಂಟ್ ಅರ್ಜಿ ಹಾಕಿ "ರಾಡಿಯೋಮಿರ್" ಅಂತ ಹೆಸರಿಟ್ಟರು. 1930ರ ದಶಕದಲ್ಲಿ ನೌಕಾಪಡೆಯ ಮುಳುಗುಗಾರರಿಗೆ ನೀರಿನೊಳಗೆ ಸಮಯ ಕಾಣೋ ವಾಚು ಬೇಕಾಯ್ತು. 1936ರಲ್ಲಿ ಮಾದರಿ ತಯಾರಾಯ್ತು: 47 ಮಿಲಿಮೀಟರ್ ಅಗಲ, ಚಿಕ್ಕ ತಟ್ಟೆಯ ಹಾಗೆ. ಆದ್ರೆ ಅದನ್ನ ಮಾಡಿಕೊಟ್ಟಿದ್ದು ರೋಲೆಕ್ಸ್! ರೋಲೆಕ್ಸ್ ಒಳಗೆ ಕೂರಿಸಿದ ಯಂತ್ರವೂ ಅದರ ಸ್ವಂತದ್ದಲ್ಲ, ಕೊರ್ತೆಬೇರ್ ಅನ್ನೋ ಸ್ವಿಸ್ ಕಂಪನಿಯ ಜೇಬುಗಡಿಯಾರದ್ದು. ಅಂದ್ರೆ ಮೊದಲ ದಿನದಿಂದಲೇ ಇದು ಅಸೆಂಬಲ್ ಮಾಡಿದ ವಾಚು.

ಈ ಮುಳುಗುಗಾರರು ಸಾಮಾನ್ಯರಲ್ಲ. 1941ರ ಡಿಸೆಂಬರ್ 18ರ ರಾತ್ರಿ ಆರು ಜನ, ಮೂರು ಟಾರ್ಪೆಡೋಗಳ ಬೆನ್ನೇರಿ ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿ ಬ್ರಿಟಿಷರ ಎರಡು ಯುದ್ಧನೌಕೆಗಳ ಕೆಳಗೆ ಸಿಡಿತಲೆ ಇಟ್ಟರು. ಕ್ವೀನ್ ಎಲಿಜಬೆತ್ ಮತ್ತು ವೇಲಿಯಂಟ್ ಎರಡಕ್ಕೂ ಭಾರೀ ಹಾನಿಯಾಯ್ತು. ಸಿಡಿತಲೆಗೆ ಟೈಮರ್ ಇಡೋ ಕೆಲಸದಲ್ಲಿ ಗಂಟೆ ಓದೋದು ತಪ್ಪಿದ್ರೆ ಏನಾಗತ್ತೆ ಯೋಚಿಸಿ. ಅಷ್ಟು ದೊಡ್ಡ ಅಂಕಿ ಯಾಕೆ ಅಂತ ಆಗ ಅರ್ಥ ಆಗತ್ತೆ.

ಇನ್ನೊಂದು ತೊಂದರೆ ಕ್ರೌನ್‌ದು. ದಿನಾ ಕೀ ಕೊಡ್ತಾ ಇದ್ರೆ ನೀರು ತಡೆಯೋ ಸೀಲ್ ಸವೆಯತ್ತೆ. ಇದಕ್ಕೆ ಎರಡು ಉಪಾಯ ಮಾಡಿದ್ರು. ಒಂದು, ಆಂಜೆಲಸ್ ಕಂಪನಿಯ ಎಂಟು ದಿನ ಓಡೋ ಯಂತ್ರ. ಇನ್ನೊಂದು, ಕ್ರೌನನ್ನ ಕೇಸಿಗೆ ಒತ್ತಿ ಹಿಡಿಯೋ ಅರ್ಧಚಂದ್ರಾಕಾರದ ಉಕ್ಕಿನ ಸೇತುವೆ ಥರದ್ದು, ಅದರಲ್ಲಿ ಒಂದು ಚಿಕ್ಕ ಲಿವರ್. ಇವತ್ತು ಪನೆರಾಯ್ ಅಂದ ತಕ್ಷಣ ಕಣ್ಣಿಗೆ ಬರೋದು ಅದೇ.

ದಶಕಗಳ ಕಾಲ ಈ ವಾಚು ಅಂಗಡಿಗೆ ಬರಲೇ ಇಲ್ಲ. ಸಾಮಾನ್ಯ ಜನಕ್ಕೆ ಮಾರೋಕೆ ಶುರು ಮಾಡಿದ್ದು 1993ರಲ್ಲಿ, 44 ಮಿಲಿಮೀಟರಿನ ಲುಮಿನೋರ್. "ಡೇಲೈಟ್" ಸಿನಿಮಾದ ಚಿತ್ರೀಕರಣಕ್ಕೆ ರೋಮ್‌ಗೆ ಬಂದಿದ್ದ ಸಿಲ್ವೆಸ್ಟರ್ ಸ್ಟಾಲೋನ್ ಇದನ್ನ ಕಟ್ಟಿಕೊಂಡ ಮೇಲೆ ಹೆಸರು ಹಬ್ಬಿತು. 1997ರಲ್ಲಿ ವಾಂದೋಮ್ ಗುಂಪು, ಅಂದ್ರೆ ಈಗಿನ ರಿಷ್‌ಮೊಂ, ಕಂಪನಿಯನ್ನೇ ಕೊಂಡಿತು.

ಈಗ ಬರೋಣ ಮಜಾ ಇರೋ ಜಾಗಕ್ಕೆ. 1993ರ ಲುಮಿನೋರ್ ಒಳಗೆ ಇದ್ದದ್ದು ಯುನಿಟಾಸ್ 6497. ಇದೂ ಜೇಬುಗಡಿಯಾರದ ಯಂತ್ರವೇ! 36.6 ಮಿಲಿಮೀಟರ್ ಅಗಲ, 17 ಕಲ್ಲು, ಕೈಯಲ್ಲಿ ಕೀ ಕೊಡೋದು. ಈ ವಾಚಲ್ಲಿ ಚಿಕ್ಕ ಸೆಕೆಂಡು ಮುಳ್ಳು ಒಂಬತ್ತರ ಹತ್ತಿರ ಇರತ್ತಲ್ಲ, ಅದು ವಿನ್ಯಾಸಕಾರರ ಶೋಕಿ ಅಲ್ಲ. ಜೇಬುಗಡಿಯಾರದಲ್ಲಿ ಕ್ರೌನ್ ಹನ್ನೆರಡರ ಮೇಲೆ, ಸೆಕೆಂಡು ಮುಳ್ಳು ಆರರ ಹತ್ತಿರ. ಕೈಗೆ ಕಟ್ಟೋಕೆ ಕ್ರೌನ್ ಮೂರಕ್ಕೆ ಬರೋ ಹಾಗೆ ಯಂತ್ರವನ್ನ ಕಾಲು ಸುತ್ತು ತಿರುಗಿಸಿದ್ರೆ, ಸೆಕೆಂಡು ತಾನಾಗೇ ಒಂಬತ್ತಕ್ಕೆ ಹೋಗತ್ತೆ. ತನ್ನದೇ ಯಂತ್ರ ಅಂತ ಪನೆರಾಯ್ ತೋರಿಸಿದ್ದು 2005ರಲ್ಲಿ, ಪಿ.2002.

ಹವ್ಯಾಸಿಗಳಿಗೆ ಬಾಗಿಲು ತೆರೆದದ್ದು ಇಲ್ಲೇ. 6497 ಯಾರು ಬೇಕಾದ್ರೂ ಕೊಳ್ಳಬಹುದಾದ ಯಂತ್ರ. ಚೀನಾದ ಟಿಯಾನ್‌ಜಿನ್‌ನ ಸೀಗಲ್ ಕಂಪನಿ ಅದೇ ವಿನ್ಯಾಸದ ಎಸ್‌ಟಿ36 ಮಾಡ್ತದೆ, ಬೆಲೆ ಇನ್ನೂ ಕಡಿಮೆ. ಗಾತ್ರ ದೊಡ್ಡದು, ಬಿಡಿಭಾಗ ಕಣ್ಣಿಗೆ ಕಾಣತ್ತೆ, ಕಲಿಯೋರಿಗೆ ಹೇಳಿ ಮಾಡಿಸಿದ ಹಾಗಿದೆ. ಡಯಲ್ ಕೂರಿಸಬೇಕು, ಮುಳ್ಳುಗಳನ್ನ ಹನ್ನೆರಡಕ್ಕೆ ಸರಿಯಾಗಿ ಒತ್ತಬೇಕು, ಕ್ರೌನಿನ ಕಡ್ಡಿಯನ್ನ ಅಳತೆಗೆ ಕತ್ತರಿಸಬೇಕು. ಕಡ್ಡಿ ಸ್ವಲ್ಪ ಜಾಸ್ತಿ ಕತ್ತರಿಸಿದ್ರೆ ಹೊಸದು ತರಬೇಕು, ಹಾಗಾಗಿ ಒಂದೊಂದು ಚೂರೇ ಅರದಿಂದ ಉಜ್ಜೋದು ವಾಸಿ. ಇಷ್ಟೆಲ್ಲಕ್ಕಿಂತ ದೊಡ್ಡ ಶತ್ರು ಧೂಳು. ಫ್ಯಾನ್ ಆಫ್ ಮಾಡಿ ಕೂತುಕೊಳ್ಳಿ. ಚೆನ್ನೈನಲ್ಲಿ ಇರೋರಿಗೆ ಇದೇ ಕಷ್ಟದ ಹಂತ!

ಹಾಗಾದ್ರೆ ಡೂಪ್ಲಿಕೇಟಾ? ನನ್ನ ಮಟ್ಟಿಗೆ ಗೆರೆ ಇರೋದು ಡಯಲ್ ಮೇಲಿನ ಹೆಸರಿನಲ್ಲಿ. "ಪನೆರಾಯ್" ಅಂತ ಅಚ್ಚೊತ್ತಿದ ಡಯಲ್‌ಗಳೂ ಮಾರಾಟಕ್ಕೆ ಸಿಗ್ತವೆ. ಅದನ್ನ ಹಾಕಿದ ಕ್ಷಣಕ್ಕೆ ಹವ್ಯಾಸ ಹೋಗಿ ನಕಲಿ ಆಯ್ತು. ಅಂಥದ್ದನ್ನ ಮಾರಿದ್ರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. ನೀವು ಮಾರಲ್ಲ ಅಂದ್ಕೊಳ್ಳಿ, ಹತ್ತು ವರ್ಷ ಆದ್ಮೇಲೆ ಅದು ಯಾರ ಕೈ ಸೇರತ್ತೋ, ಅವರು ಮೋಸ ಹೋಗ್ತಾರೆ. ತಮಾಷೆ ಏನು ಗೊತ್ತಾ? ಯುದ್ಧಕಾಲದ ಎಷ್ಟೋ ಅಸಲಿ ಡಯಲ್‌ಗಳ ಮೇಲೆ ಯಾವ ಹೆಸರೂ ಇರಲಿಲ್ಲ. ಇತಿಹಾಸಕ್ಕೆ ಹತ್ತಿರ ಇರಬೇಕು ಅನ್ನೋರಿಗೆ ಖಾಲಿ ಡಯಲ್ಲೇ ಸರಿ.

ಇನ್ನೊಂದು ವಿಷಯ ಗಂಭೀರವಾದದ್ದು. "ಒರಿಜಿನಲ್ ಇರಲಿ" ಅಂತ ಹಳೇ ರೇಡಿಯಂ ಡಯಲ್ಲೋ ಮುಳ್ಳೋ ಕೊಂಡು ಮನೇಲಿ ಬಿಚ್ಚೋಕೆ ಹೋಗಬೇಡಿ. ಹೊಳಪು ನಿಂತಿದೆ ಅಂದ್ರೆ ರೇಡಿಯಂ ಸತ್ತಿದೆ ಅಂತಲ್ಲ. ಸತ್ತಿರೋದು ಅದರ ಜೊತೆ ಬೆರೆಸಿದ್ದ ಜಿಂಕ್ ಸಲ್ಫೈಡ್. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಪುಡಿಯಾದ ಬಣ್ಣ ಉಸಿರಿನ ಜೊತೆ ಒಳಗೆ ಹೋಯ್ತು ಅಂದ್ರೆ ಮೂಳೆಯಲ್ಲಿ ಕೂರತ್ತೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬ್ರಷ್ಷಿನ ತುದಿಯನ್ನ ತುಟಿಯಲ್ಲಿ ಚೂಪು ಮಾಡ್ಕೊಂಡು ಡಯಲ್‌ಗೆ ಬಣ್ಣ ಹಾಕ್ತಿದ್ದ ಹುಡುಗಿಯರ ದವಡೆ ಕೊಳೆತು, ಎಷ್ಟೋ ಜನ ಸತ್ತರು. ಅವರಲ್ಲಿ ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಾಯ್ತು. ಈಗ ಸಿಗೋ ಬಣ್ಣ ವಿಕಿರಣ ಇಲ್ಲದ್ದು, ಬೆಳಕು ಹೀರಿ ಹೊಳೆಯತ್ತೆ, ಅದನ್ನೇ ಬಳಸಿ.

ಜೋಡಿಸಿ ಮುಗಿದ ಮೇಲೆ ಕೀ ಕೊಟ್ಟು ಕಿವಿ ಹತ್ತಿರ ಹಿಡೀರಿ. ಹಳೇ ಮಾದರಿಯ 6497 ಸೆಕೆಂಡಿಗೆ ಐದು ಸಲ ಬಡಿಯತ್ತೆ. ಮನೇಲಿ ಕೀ ಕೊಡೋ ಎಚ್‌ಎಂಟಿ ಇದ್ದವರಿಗೆ ಆ ಸದ್ದಿನ ಪರಿಚಯ ಇದ್ದೇ ಇರತ್ತೆ. ಆದ್ರೆ ಮುಳುಗುಗಾರರ ವಾಚು ಅಂತ ಹೇಳ್ಕೊಂಡು ಹಾಗೇ ಈಜುಕೊಳಕ್ಕೆ ಇಳಿಯಬೇಡಿ. ವಾಚ್ ರಿಪೇರಿಯವರ ಹತ್ತಿರ ಒಂದು ಸಲ ನೀರಿನ ಪ್ರೆಶರ್ ಟೆಸ್ಟ್ ಮಾಡಿಸಿ. ಅಲ್ಲೀವರೆಗೆ ಕೈ ತೊಳೆಯುವಾಗಲೂ ಬಿಚ್ಚಿಡಿ.